ಕೊಟ್ಟಿಗೆಹಾರದಲ್ಲಿ ಮೂರು ಗಂಟೆ

ಹಾಸನದಿಂದ ಹೊರಟ ಮೂರನೇ ದಿನ. 2025ರ ಫೆಬ್ರವರಿ 24, ಸೋಮವಾರ. ಮೂಡಿಗೆರೆಯಲ್ಲಿ ಒಂದು ಕಲ್ಯಾಣ ಮಂಟಪದವರು ಮಲಗಲು ಜಾಗ ಕೊಟ್ಟಿದ್ದರು. ಬೆಳಗಿನ ಜಾವ ಮೂರಕ್ಕೇ ಅತ್ತಿಗೆ ಹೆಗಲು ಅಲುಗಿಸಿ ಎಬ್ಬಿಸಿದರು. "ಏಳವ್ವಾ, ಬಿಸಿಲೇರೋದ್ರೊಳಗೆ ಕೊಟ್ಟಿಗೆಹಾರ ಮುಟ್ಟಬೇಕು."

ಅವರಿಗೆ ಇದು ಧರ್ಮಸ್ಥಳಕ್ಕೆ ಹದಿನಾಲ್ಕನೇ ಪಾದಯಾತ್ರೆ. ನನಗೆ ಮೊದಲನೆಯದು. 2023ರ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದಿತ್ತು. ಆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಂಜುನಾಥನಿಗೆ ಹೇಳಿಕೊಂಡಿದ್ದೆ. ಇವಳು ಎದ್ದು ಓಡಾಡುವಂತಾದರೆ ನಡೆದೇ ಬರ್ತೀನಿ ಅಂತ. ಆ ಹರಕೆ ತೀರಿಸಲು ಈ ಶಿವರಾತ್ರಿಯವರೆಗೆ ಆಗಿರಲಿಲ್ಲ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಸುಮಾರು 20 ಕಿಲೋಮೀಟರ್. ಕತ್ತಲಲ್ಲಿ ನಮ್ಮ ಹನ್ನೊಂದು ಜನರ ಗುಂಪು ಟಾರ್ಚ್ ಹಿಡಿದು ಒಬ್ಬರ ಹಿಂದೆ ಒಬ್ಬರು ಹೊರಟೆವು. ಬ್ಯಾಗಿನ ಬೆನ್ನಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿದ್ದೆವು, ಲಾರಿಯವರಿಗೆ ಕಾಣಲಿ ಅಂತ. ಎರಡೂ ಕಡೆ ಕಾಫಿ ತೋಟ. ಸ್ಪ್ರಿಂಕ್ಲರ್ ನೀರು ಬಿದ್ದ ಕಡೆ ರೋಬಸ್ಟಾ ಹೂ ಬಿಟ್ಟಿತ್ತು. ಹೂ ಕಾಣುತ್ತಿರಲಿಲ್ಲ, ಮಲ್ಲಿಗೆಯಂಥ ವಾಸನೆ ಮಾತ್ರ. ಬಣಕಲ್ ಹತ್ತಿರ ಬೆಳಕು ಹರಿಯಿತು. ಒಂದು ತೋಟದ ಗೇಟಿನ ಮುಂದೆ ಟೇಬಲ್ ಹಾಕಿಕೊಂಡು ಅಜ್ಜ, ಅಜ್ಜಿ ಹೋಗಿಬರುವ ಪಾದಯಾತ್ರಿಗಳಿಗೆಲ್ಲ ಬೆಲ್ಲದ ಕಾಫಿ ಕೊಡುತ್ತಿದ್ದರು. "ಕೂತ್ಕೊಂಡು ಕುಡೀರಿ" ಅಂದರು. ಅತ್ತಿಗೆ ಕೂರಲು ಬಿಡಲಿಲ್ಲ. ಕೂತರೆ ಕಾಲು ಹಿಡಿದುಕೊಳ್ಳುತ್ತೆ ಅಂತ.

ಅದು ನಿಜ ಅಂತ ಕೊಟ್ಟಿಗೆಹಾರದಲ್ಲಿ ಗೊತ್ತಾಯಿತು.

ಎಡ ಹಿಮ್ಮಡಿಯಲ್ಲಿ ಬೇಲೂರಿಗೆ ಮೊದಲೇ ಬೊಬ್ಬೆ ಎದ್ದಿತ್ತು. ಹೊಸ ಶೂ. ಹೊರಡುವುದಕ್ಕೆ ಒಂದು ವಾರ ಮೊದಲು ತಗೊಂಡಿದ್ದೆ, ತಿಂಗಳ ಮೊದಲೇ ಹಾಕಿ ಪಳಗಿಸಬೇಕಿತ್ತು. ಎಂಟೂವರೆಗೆ ಕೊಟ್ಟಿಗೆಹಾರದ ಸರ್ಕಲ್ಲಿಗೆ ಬಂದೆವು. ಇಲ್ಲಿಂದ ಒಂದು ರಸ್ತೆ ಕಳಸ, ಹೊರನಾಡಿನ ಕಡೆ ಹೋಗುತ್ತದೆ, ಇನ್ನೊಂದು ಚಾರ್ಮಾಡಿ ಘಾಟಿಗೆ. ಅಂಗಡಿ ಮುಂದಿನ ಕಟ್ಟೆ ಮೇಲೆ ಕೂತೆ. ಮತ್ತೆ ಏಳಲು ಆಗಲೇ ಇಲ್ಲ.

ಎದುರಿಗೇ ಧರ್ಮಸ್ಥಳದ ಬಸ್ ನಿಂತಿತ್ತು. ಸರ್ಕಾರಿ ಬಸ್ಸು. ಶಕ್ತಿ ಯೋಜನೆ ಇರುವುದರಿಂದ ದುಡ್ಡೂ ಕೊಡಬೇಕಿಲ್ಲ. ಆಧಾರ್ ಕಾರ್ಡ್ ಪರ್ಸಿನಲ್ಲೇ ಇತ್ತು. ಕಾಡಿನ ದಾರಿಯಲ್ಲಿ ಎಷ್ಟು ನೋವಾದರೂ ಮುಂದೆ ಹೋಗದೆ ಬೇರೆ ಗತಿ ಇರಲಿಲ್ಲ. ಇಲ್ಲಿ ಹತ್ತು ಹೆಜ್ಜೆಯಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಕಾಣುತ್ತಿತ್ತು. ಅತ್ತಿಗೆ ನನ್ನ ಮುಖ ನೋಡಿದರು.

"ಹತ್ತೋದಾದ್ರೆ ಹತ್ತವ್ವಾ. ಸ್ವಾಮಿ ಏನೂ ಅಂದ್ಕೊಳಲ್ಲ."

ಬೈದಿದ್ದರೆ ಎದ್ದುಬಿಡುತ್ತಿದ್ದೆನೋ ಏನೋ. ಏನೂ ತೋಚದೆ ಮಗಳಿಗೆ ಫೋನ್ ಮಾಡಿದೆ. ಸ್ಕೂಲಿಗೆ ಹೊರಟಿದ್ದಳು. "ಅಮ್ಮಾ, ಆಮೇಲೆ ಮಾಡ್ತೀನಿ, ವ್ಯಾನ್ ಬಂತು, ಓಡ್ತಿದೀನಿ!" ಅಂದಳು. ಫೋನ್ ಕಟ್ ಮಾಡುವುದನ್ನು ಮರೆತಿದ್ದಳು. ಅವಳ ಚಪ್ಪಲಿ ಸದ್ದು, ಏದುಸಿರು, ಯಾರನ್ನೋ ಕೂಗಿದ್ದು ಎಲ್ಲ ಕೇಳಿಸಿತು. ಅದು ನಿಲ್ಲುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಬಸ್ ಹೊರಟು ಹೋಯಿತು.

ಆಮೇಲೆ ಹಸಿವಾಗಿದ್ದು ಗೊತ್ತಾಯಿತು. ಕೊಟ್ಟಿಗೆಹಾರಕ್ಕೆ ಬಂದು ನೀರುದೋಸೆ ತಿನ್ನದೆ ಹೋಗುವವರು ಯಾರಿದ್ದಾರೆ? ಬಿಳಿ ಕರವಸ್ತ್ರದಂತೆ ಮಡಚಿ ತಟ್ಟೆಗೆ ಹಾಕುತ್ತಾರೆ, ಜೊತೆಗೆ ಕಾಯಿ ಚಟ್ನಿ. ಆರು ತಿಂದೆ. ಅತ್ತಿಗೆ ತಮ್ಮ ತಟ್ಟೆಯಿಂದ ಏಳನೆಯದನ್ನು ನನ್ನ ತಟ್ಟೆಗೆ ಸರಿಸಿದರು.

ಮೆಡಿಕಲ್ ಶಾಪಿನ ಹುಡುಗ ಸ್ಟೂಲ್ ಹಾಕಿ ಕೂರಿಸಿ ಕಾಲು ನೋಡಿದ. ಅತ್ತಿಗೆಯದು ಹಳೆಯ ಪದ್ಧತಿ, ಸೂಜಿಯಿಂದ ಬೊಬ್ಬೆಗೆ ದಾರ ಪೋಣಿಸಿ ಹಾಗೇ ಬಿಡುವುದು. ಆತ ಬೇಡ ಅಂದ, ದಾರದಿಂದ ಕೀವು ಆಗುತ್ತೆ ಅಂತ. ಚರ್ಮ ಕೀಳದೆ, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಮಾತ್ರ ಚುಚ್ಚಿ ನೀರು ಇಳಿಸಿದ. ಮೇಲೆ ಗಾಜ್ ಇಟ್ಟು ಪೇಪರ್ ಟೇಪ್ ಸುತ್ತಿದ. "ಅಕ್ಕಾ, ಘಾಟಿ ಇಳಿಯುವಾಗ ಲೇಸನ್ನು ಪಾದದ ಮೇಲ್ಗಡೆ ಬಿಗಿಯಾಗಿ ಕಟ್ಟಿ. ಇಲ್ಲಾಂದ್ರೆ ಕಾಲು ಮುಂದಕ್ಕೆ ಜಾರಿ ಬೆರಳಿನ ಉಗುರು ಹೋಗುತ್ತೆ" ಅಂದ. ಟೇಪಿಗೆ ಮಾತ್ರ ದುಡ್ಡು ತಗೊಂಡ. ಒಣಗಿದ ಕಾಲುಚೀಲ ಹಾಕಿಕೊಂಡು ಹನ್ನೊಂದೂವರೆಗೆ ಹೊರಟೆವು.

ಚಾರ್ಮಾಡಿಯನ್ನು ಬಸ್ಸಿನಿಂದ ಎಷ್ಟು ಸಲ ನೋಡಿಲ್ಲ! ನಡೆದರೆ ಬೇರೆಯೇ ಘಾಟಿ. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಕುಸಿದು ಸಂಚಾರ ನಿಂತುಹೋಗಿತ್ತು. ತಡೆಗೋಡೆಗೆ ಕೈ ಊರಿ ಕೆಳಗೆ ನೋಡಿದರೆ ತಲೆ ತಿರುಗುತ್ತದೆ. ಆ ಹುಡುಗ ಹೇಳಿದಂತೆ ಲೇಸ್ ಬಿಗಿದಿದ್ದರಿಂದ ಬೆರಳು ಉಳಿದವು. ಮಂಡಿ ಮಾತ್ರ ಒಂದೊಂದು ತಿರುವಿಗೂ ನಡುಗುತ್ತಿತ್ತು. ಅಣ್ಣಪ್ಪಸ್ವಾಮಿ ಗುಡಿಯಲ್ಲಿ ಕೈ ಮುಗಿದು ಕಾಣಿಕೆ ಹಾಕಿದೆವು. ಅಲ್ಲಿ ಅತ್ತಿಗೆ ಮೊದಲ ಸಲ ನನಗೆ ಕೂರಲು ಹೇಳಿದರು. ತಾವೂ ಕೂತು ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು ಮೀನಖಂಡ ಒತ್ತಿದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಬೇಡ ಅಂದರೂ ಬಿಡಲಿಲ್ಲ.

ಚಾರ್ಮಾಡಿ ಊರು ಸೇರಿದಾಗ ರಾತ್ರಿ ಎಂಟು. ಗಾಳಿಯೇ ಬದಲಾಗಿತ್ತು, ಕರಾವಳಿಯ ಸೆಕೆ. ಒಂದು ಮನೆಯ ಜಗಲಿಯಲ್ಲಿ ಬಕೆಟ್ ತುಂಬ ಬಿಸಿನೀರು, ಉಪ್ಪು ಇಟ್ಟಿದ್ದರು. ಟೇಪ್ ಇದ್ದ ಹಿಮ್ಮಡಿ ಮೇಲಿಟ್ಟುಕೊಂಡು ಬಲಗಾಲು ಅದರಲ್ಲಿ ಇಳಿಬಿಟ್ಟು ಕೂತಿದ್ದಾಗ ಮಗಳ ಫೋನ್ ಬಂತು. "ಬೆಳಿಗ್ಗೆ ಯಾಕೆ ಮಾಡಿದ್ದೆ, ಏನಾಯ್ತು?" ಅಂದಳು. "ಏನಿಲ್ಲ, ವ್ಯಾನ್ ಸಿಕ್ತಾ?" ಅಂತ ಕೇಳಿದೆ.