ಕಬ್ಬಿಣದ ಮಾತ್ರೆಗೆ ಸೀಟು ಎಲ್ಲಿದೆ?

ಬೆಳಗಿನ ಖಾಲಿ ಹೊಟ್ಟೆ ಅಂದರೆ ನಮ್ಮೂರ ಬಸ್ಸಿನ ಕಿಟಕಿ ಸೀಟು. ನನ್ನ ಥೈರಾಯ್ಡ್ ಮಾತ್ರೆ ಎಷ್ಟೋ ವರ್ಷದ ಹಿಂದೆಯೇ ಅಲ್ಲಿ ಕರ್ಚೀಫ್ ಹಾಕಿಬಿಟ್ಟಿದೆ. ಈಗ ಹೊಸದಾಗಿ ಬಂದ ಕಬ್ಬಿಣದ ಮಾತ್ರೆಗೂ ಅದೇ ಬೇಕಂತೆ. ಎರಡನ್ನೂ ಒಟ್ಟಿಗೆ ನುಂಗುವಂತಿಲ್ಲ. ಕಬ್ಬಿಣ ಇದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು.

ನನ್ನ ಹಿಮೋಗ್ಲೋಬಿನ್ 8.6 ಬಂದಿತ್ತು. ಹೆಂಗಸರಿಗೆ 12 ಆದರೂ ಇರಬೇಕು. ಸ್ಟಾಫ್ ರೂಮಿನಿಂದ ಎಂಟನೇ ಕ್ಲಾಸಿಗೆ ಮೆಟ್ಟಿಲು ಹತ್ತಿದರೆ ಪಾಠ ಶುರು ಮಾಡಲು ಉಸಿರು ಇರುತ್ತಿರಲಿಲ್ಲ. ಡಾಕ್ಟರ್ ರಿಪೋರ್ಟ್ ನೋಡಿ ಮೊದಲು ಕೇಳಿದ್ದೇ, "ಮೇಡಂ, ಹಸಿ ಅಕ್ಕಿ ತಿಂತೀರಾ?" ಅಂತ. ತಿನ್ನುತ್ತಿದ್ದೆ! ಅಕ್ಕಿ ಆರಿಸುವಾಗಲೆಲ್ಲ ಒಂದು ಹಿಡಿ ಬಾಯಿಗೆ ಹೋಗುತ್ತಿತ್ತು. ಕಬ್ಬಿಣ ಕಡಿಮೆಯಾದವರಲ್ಲಿ ಕೆಲವರಿಗೆ ಅಕ್ಕಿ, ಕೆಲವರಿಗೆ ಐಸು, ಸೀಮೆಸುಣ್ಣ, ಮಣ್ಣು ತಿನ್ನುವ ಆಸೆ ಬರುತ್ತದಂತೆ. ಫೆರಿಟಿನ್ ಅಂತ ಇನ್ನೊಂದು ಟೆಸ್ಟ್ ಮಾಡಿಸಿದರು. ಮೈಯಲ್ಲಿ ಎಷ್ಟು ಕಬ್ಬಿಣ ದಾಸ್ತಾನಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. 15ಕ್ಕಿಂತ ಕೆಳಗಿದ್ದರೆ ಖಾಲಿ ಅಂತ ಲೆಕ್ಕ. ನನ್ನದು 6. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಾಣಿಸಿತು. ತಿಂಗಳು ತಿಂಗಳೂ ಜಾಸ್ತಿ ರಕ್ತ ಹೋಗುತ್ತಿದ್ದುದು ಅದರಿಂದಲೇ.

ಅತ್ತೆಯವರು ಅಂದಿನಿಂದಲೇ ಬೀಟ್‌ರೂಟ್ ಪಲ್ಯ ಶುರು ಹಚ್ಚಿಕೊಂಡರು. ಪಾಪ, ಪ್ರೀತಿಗೆ. ಆದರೆ 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ನನ್ನ ಒಂದು ಮಾತ್ರೆಯಲ್ಲಿ 100 ಮಿಲಿಗ್ರಾಂ ಇದೆ. ಬಣ್ಣ ಕೆಂಪಾದರೆ ರಕ್ತ ಆಗುತ್ತಾ? ಪಲ್ಯ ಚೆನ್ನಾಗಿರುತ್ತೆ, ತಿನ್ನುತ್ತೇನೆ, ಅದು ಬೇರೆ ಮಾತು.

ಸೀಟಿನ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಆಗಲಿಲ್ಲ. ಕಾಫಿ, ಟೀಯಲ್ಲಿರುವ ಒಗರು ಅಂಶ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಹಾಗಾಗಿ ಮಾತ್ರೆಗೆ ಒಂದು ಗಂಟೆ ಮೊದಲು, ಎರಡು ಗಂಟೆ ಆಮೇಲೆ ಕಾಫಿ ಬೇಡ ಅಂದರು. ಟೀಚರ್‌ಗೆ ಈ ಮಾತು ಹೇಳುವುದು ಸುಲಭ! ಹಾಲು, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಯಾವುದೂ ಹತ್ತಿರ ಇರಬಾರದು. ಕೊನೆಗೆ ಸಿಕ್ಕಿದ್ದು ರಾತ್ರಿ ಮಲಗುವ ಹೊತ್ತು. ಏಳಕ್ಕೆಲ್ಲ ಊಟ ಮುಗಿಸಿ, ಒಂಬತ್ತೂವರೆಗೆ ಅರ್ಧ ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ಮಾತ್ರೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು.

ಅದೂ ದಿನ ಬಿಟ್ಟು ದಿನ. ನನಗೆ ಇದು ವಿಚಿತ್ರ ಅನಿಸಿತು. ಇಷ್ಟು ಕಡಿಮೆ ಇರುವಾಗ ದಿನಕ್ಕೆ ಎರಡು ಕೊಡಬೇಕಲ್ವಾ? ಒಂದು ಡೋಸ್ ಒಳಗೆ ಹೋದ ಕೂಡಲೇ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಸುಮಾರು ಒಂದು ದಿನ ಕರುಳು ಕಬ್ಬಿಣವನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ ಯುವತಿಯರಿಗೆ 60 ಮಿಲಿಗ್ರಾಂ ಕೊಟ್ಟು ನೋಡಿದರು. ದಿನವೂ ತಗೊಂಡವರಲ್ಲಿ ಶೇ. 16.3, ದಿನ ಬಿಟ್ಟು ದಿನ ತಗೊಂಡವರಲ್ಲಿ ಶೇ. 21.8 ಒಳಗೆ ಸೇರಿತು. ಸೇರದೆ ಉಳಿದದ್ದೇ ಕರುಳಲ್ಲಿ ಕೂತು ತೊಳಸು, ಮಲಬದ್ಧತೆ ಮಾಡುವುದು. ಎಲ್ಲರಿಗೂ ಹೀಗೇ ಕೊಡುತ್ತಾರೆ ಅಂತಲ್ಲ, ಬಸುರಿಯರಿಗೆ ದಿನವೂ ಕೊಡುತ್ತಾರೆ. ನಿಮ್ಮ ಡಾಕ್ಟರ್ ಹೇಳಿದ್ದೇ ನಿಮಗೆ.

ಸೋಮವಾರ ಬಿಸಿಯೂಟದ ನಂತರ ನಮ್ಮ ಸ್ಕೂಲಲ್ಲಿ ಮಕ್ಕಳಿಗೆ ಕಬ್ಬಿಣದ ನೀಲಿ ಮಾತ್ರೆ ಹಂಚುವವಳು ನಾನೇ. ಅದು ವಾರಕ್ಕೆ ಒಂದೇ, 60 ಮಿಲಿಗ್ರಾಂ. "ಮಿಸ್, ಹೊಟ್ಟೆ ತೊಳೆಸತ್ತೆ" ಅಂತ ಹುಡುಗಿಯರು ಮುಖ ಮಾಡಿದರೆ, ನನಗೂ ಹಾಗೇ ಆಗುತ್ತೆ ಕಣ್ರೇ ಅಂತ ಈಗ ಹೇಳುತ್ತೇನೆ. ಮಲ ಕಪ್ಪಗಾಗುತ್ತೆ, ಹೆದರಬೇಡಿ ಅಂತಲೂ ಹೇಳುತ್ತೇನೆ. ಮುಸಿಮುಸಿ ನಗುತ್ತಾರೆ. ನಗಲಿ. ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ಡಾಕ್ಟರ್‌ಗೆ ತೋರಿಸಬೇಕು.

ಒಂದು ತಿಂಗಳಿಗೆ ನನ್ನ ಹಿಮೋಗ್ಲೋಬಿನ್ 10 ಆಯಿತು. ಅಕ್ಕಿ ತಿನ್ನುವ ಚಪಲ ಅದಕ್ಕೂ ಮೊದಲೇ ಹೋಗಿತ್ತು. ಹನ್ನೆರಡು ಮುಟ್ಟಿದ ಮೇಲೂ ಮೂರು ತಿಂಗಳು ನುಂಗಬೇಕು, ದಾಸ್ತಾನು ತುಂಬುವುದು ಆಮೇಲೆ. ಗಡ್ಡೆಗೆ ಏನು ಮಾಡುವುದು ಅಂತ ಗೈನಕಾಲಜಿಸ್ಟ್ ಮುಂದಿನ ವಾರ ಹೇಳುತ್ತಾರೆ. ತಂಗಿ ಮಗು ಕರೆದುಕೊಂಡು ರಜಕ್ಕೆ ಬರುತ್ತಾಳೆ, ಸ್ಟ್ರಿಪ್ಪನ್ನು ಮಂಚದ ಪಕ್ಕದಿಂದ ಬೀರುವಿನ ಒಳಗೆ ಇಟ್ಟು ಬೀಗ ಹಾಕಿದ್ದೇನೆ. ಚಿಕ್ಕ ಮಕ್ಕಳು ಪೆಪ್ಪರಮಿಂಟು ಅಂದುಕೊಂಡು ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ.