ಎದುರುಮನೆ ಅಜ್ಜಿ ಬರೆಸಿದ ಪತ್ರ

2005 ಮಾರ್ಚ್ 6, ಭಾನುವಾರ
ಎಡಿಸನ್, ನ್ಯೂಜೆರ್ಸಿ

ಬೆಳಿಗ್ಗೆ ಹತ್ತರ ಹೊತ್ತಿಗೆ ಎದುರುಮನೆ ಅಜ್ಜಿ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಗೀಟು ಹಾಕಿದ ಹಳದಿ ಕಾಗದ. ಅದರ ತುಂಬ ಪೆನ್ಸಿಲ್ ಬರಹ. "ಇದನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡ್ತೀಯಾ? ನನ್ನ ಕೈ ನಡುಗುತ್ತೆ. ಅವರಿಗೆ ಓದೋಕೆ ಆಗದಿದ್ರೆ ಬರೆದೂ ದಂಡ" ಎಂದರು. ಅವರು ಅಂದರೆ ವಾಷಿಂಗ್ಟನ್ನಿನಲ್ಲಿರುವ ಈ ಕ್ಷೇತ್ರದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತಿನ, ಸದಸ್ಯರು. ಮೆಟ್ಟಿಲ ಮೇಲೆ ಹಿಮ ಇನ್ನೂ ಕರಗಿಲ್ಲ. 78 ವರ್ಷದ ಜೀವ ಅದನ್ನು ದಾಟಿ ಬಂದಿದೆ ಅಂದರೆ ವಿಷಯ ಸಣ್ಣದಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ.

ವಿಷಯ ಸೋಷಿಯಲ್ ಸೆಕ್ಯುರಿಟಿ, ಅಂದರೆ ಇಲ್ಲಿನ ಸರ್ಕಾರಿ ಪಿಂಚಣಿ. ಈಗ ಇಲ್ಲಿ ಟಿವಿ ಹಾಕಿದರೂ ಅದೇ, ಆಫೀಸಿನ ಕ್ಯಾಂಟೀನಿನಲ್ಲೂ ಅದೇ. ಮೊನ್ನೆ ಶುಕ್ರವಾರ ಅಧ್ಯಕ್ಷ ಬುಷ್ ಇಲ್ಲೇ ಹತ್ತಿರದ ವೆಸ್ಟ್‌ಫೀಲ್ಡಿಗೆ ಬಂದಿದ್ದರು. 60 ದಿನದಲ್ಲಿ 60 ಊರು ಸುತ್ತಿ ಅದನ್ನು ಬದಲಿಸಲು ಜನರನ್ನು ಒಪ್ಪಿಸುತ್ತೇವೆ ಎಂದು ಅವರ ಸರ್ಕಾರ ಹೊರಟಿದೆ. ಟಿಕೆಟ್ ಸಿಕ್ಕವರಿಗೆ ಮಾತ್ರ ಒಳಗೆ ಜಾಗ. ಅಜ್ಜಿ ಟಿವಿಯಲ್ಲಿ ನೋಡಿದರಂತೆ. ನೋಡಿ ಮುಗಿಸಿ ಪೆನ್ಸಿಲ್ ಹಿಡಿದಿದ್ದಾರೆ.

ಊರಲ್ಲಿರುವವರಿಗೆ ಅರ್ಥವಾಗಲಿ ಅಂತ ಇಷ್ಟು ಬರೆಯುತ್ತೇನೆ. ಇಲ್ಲಿ ಹೆಚ್ಚುಕಮ್ಮಿ ಎಲ್ಲರ ಸಂಬಳದಿಂದ 6.2% ಹಿಡಿಯುತ್ತಾರೆ. ಕಂಪನಿ ಇನ್ನೊಂದು 6.2% ಸೇರಿಸುತ್ತದೆ. ಆ ದುಡ್ಡು ನಮ್ಮ ಹೆಸರಲ್ಲಿ ಎಲ್ಲೂ ಕೂತಿರುವುದಿಲ್ಲ. ಬಹುಪಾಲು ಇವತ್ತಿನ ಹಿರಿಯರಿಗೇ ಹೋಗುತ್ತದೆ. ನಾಳೆ ನಮಗೆ ನಾಳಿನ ದುಡಿಯುವವರು ಕೊಡುತ್ತಾರೆ. 1935ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಬಂದ ಕಾನೂನು ಇದು. ಬುಷ್ ಅವರ ಯೋಜನೆ ಬೇರೆ. 55ಕ್ಕಿಂತ ಚಿಕ್ಕವರು ಬೇಕಿದ್ದರೆ ಆ 12.4%ರಲ್ಲಿ ಸಂಬಳದ 4%ವರೆಗೆ ತಮ್ಮದೇ ಖಾತೆಗೆ ತಿರುಗಿಸಿ, ಷೇರು, ಬಾಂಡುಗಳಲ್ಲಿ ಹಾಕಬಹುದು. ಹಾಗೆ ಮಾಡಿದವರಿಗೆ ಸರ್ಕಾರ ಕೊಡುವ ಖಾತ್ರಿ ಪಿಂಚಣಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಸಮಸ್ಯೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. 1950ರಲ್ಲಿ ಒಬ್ಬ ಪಿಂಚಣಿದಾರರಿಗೆ 16 ಜನ ದುಡಿಯುತ್ತಿದ್ದರು. ಈಗ ಮೂರು ಚಿಲ್ಲರೆ. ಹೋದ ವರ್ಷದ ಲೆಕ್ಕದ ಪ್ರಕಾರ 2018ರಿಂದ ತೆರಿಗೆಗಿಂತ ಖರ್ಚು ಜಾಸ್ತಿಯಾಗುತ್ತದೆ. 2042ಕ್ಕೆ ಕೂಡಿಟ್ಟ ನಿಧಿ ಖಾಲಿ. ಆಮೇಲೂ ತೆರಿಗೆ ಬರುತ್ತಲೇ ಇರುತ್ತದೆ, ಕೊಡಬೇಕಾದ್ದರಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಕೊಡಬಹುದು. ಅದನ್ನು ಬುಷ್ ಅವರ ಹಾಗೆ "ದಿವಾಳಿ" ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಖಾತೆ ತೆರೆದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. ಇದನ್ನು ಸರ್ಕಾರದವರೇ ಒಪ್ಪಿದ್ದಾರೆ. ನಮ್ಮ 4% ಆ ಕಡೆ ಹೋದರೆ ಅಜ್ಜಿಯ ಪಿಂಚಣಿ ಚೆಕ್ಕಿಗೆ ದುಡ್ಡು ಎಲ್ಲಿಂದ? ಸಾಲ ಮಾಡಬೇಕು. ಮೊದಲ ಹತ್ತು ವರ್ಷಕ್ಕೇ 754 ಬಿಲಿಯನ್ ಡಾಲರ್ ಬೇಕು ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ.

ಈಗ ನನ್ನ ಮನಸ್ಸಿನ ಮಾತು. ಖಾಸಗಿ ಖಾತೆ ಬಂದರೆ ನನಗೆ ಲಾಭವೇ ಇರಬಹುದು. ನಾನಿಲ್ಲಿಗೆ ಬಂದು ಆರು ವರ್ಷ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ. ಒಂದು ತಿಂಗಳೂ ತಪ್ಪದೆ 6.2% ಕೊಟ್ಟಿದ್ದೇನೆ. ಆದರೆ ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಸಿಗುವುದು ನಾಲ್ಕೇ. ಅಂದರೆ ಹತ್ತು ವರ್ಷ ದುಡಿಯಬೇಕು. ಅಷ್ಟರೊಳಗೆ ಊರಿಗೆ ವಾಪಸ್ ಹೋದರೆ ಕೊಟ್ಟಿದ್ದು ಹೋಯಿತು. ಜರ್ಮನಿಯವರಿಗೆ, ಇಂಗ್ಲೆಂಡಿನವರಿಗೆ ಎರಡೂ ದೇಶದ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಇದೆ. ಭಾರತದ ಜೊತೆ ಇಲ್ಲ. ನಮ್ಮ ಕನ್ನಡದವರು ಎಷ್ಟು ಜನ ನಾಲ್ಕೈದು ವರ್ಷ ದುಡಿದು, ದುಡ್ಡು ಇಲ್ಲೇ ಬಿಟ್ಟು ಹೋಗಿದ್ದಾರೆ! ನನ್ನ ಹೆಸರಲ್ಲೇ ಒಂದು ಖಾತೆ ಇದ್ದಿದ್ದರೆ ಅದು ನನ್ನದಾಗಿಯೇ ಉಳಿಯುತ್ತಿತ್ತು ಅಲ್ವಾ? ಫೆಬ್ರುವರಿ 2ರ ರಾತ್ರಿ ಬುಷ್ ಭಾಷಣ ಕೇಳಿದಾಗ ನನಗೆ ಮೊದಲು ಅನಿಸಿದ್ದು ಇದೇ. ಸುಳ್ಳು ಹೇಳಲಾರೆ.

ಅಜ್ಜಿಯ ಕಾಗದ ಟೈಪ್ ಮಾಡುತ್ತಾ ಹೋದಂತೆ ಆ ಆಸೆ ಕರಗಿತು.

ಅವರ ಗಂಡ ಕಾರಿನ ಕಾರ್ಖಾನೆಯಲ್ಲಿದ್ದರಂತೆ. 1964ರಲ್ಲಿ ಹೃದಯಾಘಾತ. ವಯಸ್ಸು 39. ಮಕ್ಕಳಿಗೆ ಏಳು ಮತ್ತು ನಾಲ್ಕು. "ಅವರು ನಿವೃತ್ತರಾಗಲೇ ಇಲ್ಲ. ಆದರೂ ಚೆಕ್ ಬಂತು. ಮಕ್ಕಳಿಗೆ 18 ಆಗುವವರೆಗೆ ಪ್ರತಿ ತಿಂಗಳು ಬಂತು" ಎಂದು ಬರೆದಿದ್ದಾರೆ. ಸಣ್ಣ ಮಕ್ಕಳನ್ನು ಬಿಟ್ಟು ಸತ್ತವರ ಮನೆಗೂ, ಕೈಕಾಲು ಕಳೆದುಕೊಂಡು ದುಡಿಯಲಾಗದವರಿಗೂ ಇದೇ ನಿಧಿಯಿಂದ ಹೋಗುತ್ತದೆ ಎಂಬುದು ನನಗೆ ಇಷ್ಟು ದಿನ ಸರಿಯಾಗಿ ಗೊತ್ತೇ ಇರಲಿಲ್ಲ. 39ಕ್ಕೆ ಸತ್ತವನ ಖಾಸಗಿ ಖಾತೆಯಲ್ಲಿ ಎಷ್ಟಿರುತ್ತಿತ್ತು? ಎರಡು ಮಕ್ಕಳನ್ನು ಹದಿನಾಲ್ಕು ವರ್ಷ ಸಾಕುವಷ್ಟು ಖಂಡಿತ ಇರುತ್ತಿರಲಿಲ್ಲ.

ಷೇರಿನ ಮಾತು ಬಂದಾಗ ನನ್ನದೇ 401(ಕೆ) ನೆನಪಾಯಿತು, ಅಂದರೆ ಕಂಪನಿಯ ಮೂಲಕ ಮಾಡುವ ನಿವೃತ್ತಿಯ ಉಳಿತಾಯ ಖಾತೆ. ಬಂದ ವರ್ಷವೇ ಶುರು ಮಾಡಿದ್ದೆ, ಎಲ್ಲ ಟೆಕ್ನಾಲಜಿ ಫಂಡಿಗೆ. 2000ದ ಮಾರ್ಚಿನಲ್ಲಿ ನಾಸ್‌ಡಾಕ್ ಎಂಬ ಷೇರು ಸೂಚ್ಯಂಕ 5,000 ದಾಟಿತ್ತು. 2002ರ ಅಕ್ಟೋಬರಿನಲ್ಲಿ 1,200ಕ್ಕೂ ಕೆಳಗಿತ್ತು. ನನಗಾಗ 29. ಕಾಯಬಹುದು, ಕಾಯುತ್ತಿದ್ದೇನೆ. ನನ್ನ ಟೀಮಿನಲ್ಲಿದ್ದ ಹಿರಿಯರೊಬ್ಬರಿಗೆ 63. ಅವರು 2001ಕ್ಕೆ ಬಿಡಬೇಕು ಅಂತಿದ್ದವರು. ಈಗಲೂ ರಾತ್ರಿ ಪಾಳಿಯ ಸಪೋರ್ಟ್ ಮಾಡುತ್ತಿದ್ದಾರೆ. ಒಂದೇ ಕೆಲಸ, ಒಂದೇ ಉಳಿತಾಯ. ಎರಡು ವರ್ಷ ಮೊದಲು ಹುಟ್ಟಿದ್ದರೆ ಅವರ ಮುಪ್ಪು ಬೇರೆಯೇ ಇರುತ್ತಿತ್ತು. 401(ಕೆ) ಇರಲಿ, ಬೇಡ ಅನ್ನುವುದಿಲ್ಲ. ಅದು ಬಿದ್ದಾಗ ಕೆಳಗೆ ಹಿಡಿಯಲು ಒಂದು ನೆಲ ಬೇಕು. ಆ ನೆಲವನ್ನೂ ಬಗೆದು ಅದೇ ಷೇರುಪೇಟೆಗೆ ಹಾಕುವುದು ಬೇಡ.

ಅಜ್ಜಿ ಎಎಆರ್‌ಪಿ ಸದಸ್ಯೆ. 50 ದಾಟಿದ ಯಾರು ಬೇಕಾದರೂ ಸೇರಬಹುದಾದ ಸಂಘ, ಖಾಸಗಿ ಖಾತೆಗೆ ವಿರೋಧ. ಈಗ ಮೂರೂವರೆ ಕೋಟಿ ಸದಸ್ಯರಿದ್ದಾರೆ. ಇದನ್ನು 1958ರಲ್ಲಿ ಕಟ್ಟಿದವರು ಎಥೆಲ್ ಪರ್ಸಿ ಆಂಡ್ರಸ್ ಎಂಬ ಕ್ಯಾಲಿಫೋರ್ನಿಯಾದ ನಿವೃತ್ತ ಹೈಸ್ಕೂಲ್ ಮುಖ್ಯೋಪಾಧ್ಯಾಯಿನಿ. ನಿವೃತ್ತ ಟೀಚರ್ ಒಬ್ಬರು ಬಾಡಿಗೆ ಕೊಡಲಾಗದೆ ಕೋಳಿಗೂಡಿನಲ್ಲಿ ವಾಸವಾಗಿದ್ದನ್ನು ಕಂಡು ಅವರು ಈ ಕೆಲಸಕ್ಕೆ ಇಳಿದರಂತೆ. ಮೇಷ್ಟರ ಮಗನಾದ ನನಗೆ ಆ ಕಥೆ ಕೇಳಿ ಹೊಟ್ಟೆ ಕಿವಿಚಿದಂತಾಯಿತು. ಅಜ್ಜಿ ಸಂಘದ ಒಂದು ಜಾಹೀರಾತನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾರೆ. ಜೂಜಾಡಬೇಕು ಅನಿಸಿದರೆ ಸ್ಲಾಟ್ ಮಶೀನಿಗೇ ಹೋಗುತ್ತೇವೆ ಎಂದು ಅದರಲ್ಲಿದೆ. "ನಾನು ವರ್ಷಕ್ಕೊಮ್ಮೆ ಅಟ್ಲಾಂಟಿಕ್ ಸಿಟಿಗೆ ಹೋಗ್ತೀನಿ. 20 ಡಾಲರ್ ಒಯ್ತೀನಿ. ಅದು ಹೋದ್ರೆ ಬಸ್ ಹತ್ತುತೀನಿ. ಚೆಕ್ಕನ್ನ ಯಾವತ್ತೂ ಒಯ್ಯಲ್ಲ" ಎಂದರು.

ಸಂಘವನ್ನು ತಲೆ ಮೇಲೆ ಹೊತ್ತು ಮೆರೆಸುವ ಅಗತ್ಯವಿಲ್ಲ. ಅದಕ್ಕೆ ವಿಮೆಯಿಂದ ದೊಡ್ಡ ಆದಾಯ ಇದೆ. 2003ರಲ್ಲಿ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯ ಔಷಧಿ ಕಾನೂನಿಗೆ ಬೆಂಬಲ ಕೊಟ್ಟಾಗ ಸಾವಿರಾರು ಸದಸ್ಯರು ಸಿಟ್ಟಾಗಿ ಬಿಟ್ಟು ಹೋದರು. ಅಜ್ಜಿಗೂ ಆಗ ಬೇಜಾರಾಗಿತ್ತಂತೆ, ಆದರೂ ಉಳಿದರು. ಬೈಯಲು ಇಂಥ ಕಾರಣಗಳಿವೆ. ಆದರೆ ಎದುರಾಳಿಗಳು ಇವನ್ನು ಹಿಡಿಯಲಿಲ್ಲ. ಯುಎಸ್‌ಎ ನೆಕ್ಸ್ಟ್ ಎಂಬ ಇನ್ನೊಂದು ಸಂಘ ಇದೆ. ಅದೂ ಹಿರಿಯರ ಸಂಘವೇ. ಮೊದಲು ಯುನೈಟೆಡ್ ಸೀನಿಯರ್ಸ್ ಅಂತಿತ್ತು. ಅದು ಖಾಸಗಿ ಖಾತೆಯ ಪರ. ಹೋದ ತಿಂಗಳು ಅವರೊಂದು ಜಾಹೀರಾತು ಹಾಕಿದರು. ಒಬ್ಬ ಸೈನಿಕನ ಚಿತ್ರದ ಮೇಲೆ ಕೆಂಪು ಇಂಟು ಗುರುತು, ಮುತ್ತಿಡುತ್ತಿರುವ ಇಬ್ಬರು ಗಂಡಸರ ಚಿತ್ರದ ಮೇಲೆ ಹಸಿರು ಗುರುತು. ಎಎಆರ್‌ಪಿಯ ನಿಜವಾದ ಉದ್ದೇಶ ಇದೇ ಎಂಬ ಮಾತು. ಪಿಂಚಣಿಗೂ ಇದಕ್ಕೂ ಏನು ಸಂಬಂಧ? ಲೆಕ್ಕ ಸರಿ ಇರುವವರು ಲೆಕ್ಕ ತೋರಿಸಬೇಕು. ಮುದುಕರಿಗೆ ಮುದುಕರ ಮೇಲೇ ಅನುಮಾನ ಹುಟ್ಟಿಸುವ ಈ ಕೆಲಸ ನೋಡಿ ನನಗೆ ತುಂಬ ಸಂಕಟವಾಯಿತು.

ಮಧ್ಯೆ ಊರಿಗೆ ಫೋನ್ ಮಾಡಿದೆ. ಹಾಸನದಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪ ಮಲಗಿರಲಿಲ್ಲ. ಪಿಂಚಣಿ ಬಂದಿದೆ, ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದೆ ಎಂದರು. ಕೊನೆಯ ಸಂಬಳದ ಅರ್ಧ, ಮೇಲೆ ತುಟ್ಟಿಭತ್ಯೆ. ನವೆಂಬರಿನಲ್ಲಿ ಜೀವಂತ ಇದ್ದೇನೆ ಎಂದು ಒಂದು ಸಹಿ ಹಾಕಿದರೆ ಆಯಿತು. ತಂಗಿಯದು ಹಾಗಲ್ಲ. ಅವಳು ಹೋದ ವರ್ಷ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದಳು. 2004ರ ಜನವರಿ 1ರಿಂದ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ಅವಳ 10%, ಸರ್ಕಾರದ 10%, ಮಿಕ್ಕಿದ್ದು ಮಾರುಕಟ್ಟೆ ಕೊಟ್ಟಷ್ಟು. ಇಲ್ಲಿ ಇನ್ನೂ ಊರೂರಿಗೆ ಹೋಗಿ ಜನರನ್ನು ಕೇಳುತ್ತಿದ್ದಾರೆ. ನಮ್ಮಲ್ಲಿ ಅದು ಆಗಲೇ ಜಾರಿಯಲ್ಲಿದೆ. ಎಷ್ಟು ಮನೆಗಳಲ್ಲಿ ಇದರ ಮಾತಾಗಿದೆ? ಅಪ್ಪನಿಗೆ ನಿವೃತ್ತ ನೌಕರರ ಸಂಘ ಇದೆ. ಬಾಕಿ ಭತ್ಯೆ ಕೇಳಲು ಅವರೆಲ್ಲ ಒಟ್ಟಿಗೆ ಹೋಗುತ್ತಾರೆ. ತಂಗಿ ನಿವೃತ್ತಳಾಗುವುದು 2040ರ ಹೊತ್ತಿಗೆ. ಅವಳ ಪರವಾಗಿ ಈಗ ಕೇಳುವವರು ಯಾರು?

ಖಾಸಗಿ ಖಾತೆಯ ಪರ ಇರುವವರು ಚಿಲಿ ದೇಶದ ಉದಾಹರಣೆಯನ್ನು ಇಲ್ಲಿ ಪದೇಪದೇ ಕೊಡುತ್ತಾರೆ. 1981ರಲ್ಲಿ ಅಲ್ಲಿ ಸೈನ್ಯದ ಆಡಳಿತ ದುಡಿಯುವವರನ್ನು ಖಾಸಗಿ ಖಾತೆಗೆ ತಳ್ಳಿತು, ಸೈನ್ಯದವರಿಗೆ ಮಾತ್ರ ಹಳೇ ಪಿಂಚಣಿಯನ್ನೇ ಉಳಿಸಿತು. ನಮ್ಮ ದೇಶದ ಹೊಸ ಯೋಜನೆಯಲ್ಲೂ ಸೈನ್ಯವನ್ನು ಹೊರಗಿಟ್ಟಿದ್ದಾರೆ. ಸೈನಿಕರಿಗೆ ಖಾತ್ರಿ ಬೇಕು, ಸರಿ. ಅಪ್ಪನ ಹಾಗೆ 35 ವರ್ಷ ಪಾಠ ಮಾಡುವವರಿಗೆ ಬೇಡವಾ? ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರಿಗಂತೂ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅವರ ಮುಪ್ಪು ಮಕ್ಕಳ ಕೈಯಲ್ಲಿ.

ಸಂಜೆ ಪತ್ರ ಮುಗಿಯಿತು. ಒಂದೂವರೆ ಪುಟ. ಅಜ್ಜಿಯ ಒಂದು ಮಾತನ್ನೂ ನಾನು ತಿದ್ದಲಿಲ್ಲ. ಕೊನೆಗೆ ಅವರು ಬರೆಸಿದ್ದು ಇದು: "ನನ್ನ ಚೆಕ್ಕಿಗೆ ಏನೂ ಆಗಲ್ಲ ಅಂತ ಅಧ್ಯಕ್ಷರು ಹೇಳಿದ್ದಾರೆ. ನಾನು ಬರೆಯುತ್ತಿರುವುದು ನನ್ನ ಚೆಕ್ಕಿಗಾಗಿ ಅಲ್ಲ. ನನ್ನ ಮೊಮ್ಮಗಳಿಗೆ 26 ವರ್ಷ, ಅವಳಿಗೂ ಚಿಕ್ಕ ಮಕ್ಕಳಿದ್ದಾರೆ." ಪ್ರಿಂಟ್ ಮಾಡಿ ಕೊಟ್ಟೆ. ಮೇಜಿಗೆ ಮೊಣಕೈ ಊರಿ, ನಿಧಾನವಾಗಿ ಸಹಿ ಹಾಕಿದರು. "ನೀನೂ ಒಂದು ಬರಿ" ಎಂದರು. ನನಗೆ ಇಲ್ಲಿ ಓಟಿಲ್ಲ ಎಂದೆ. "ತೆರಿಗೆ ಕೊಡ್ತೀಯಲ್ಲ. ನಿನ್ನ ದುಡ್ಡಿಂದಲೇ ನನ್ನ ಚೆಕ್ ಬರ್ತಿದೆ" ಎಂದು ನನ್ನ ಕೈ ಹಿಡಿದುಕೊಂಡರು. ಏನು ಹೇಳಬೇಕೋ ತೋಚಲಿಲ್ಲ.

ಅವರನ್ನು ಹಿಮ ದಾಟಿಸಿ ಮನೆ ಮುಟ್ಟಿಸಿ ಬಂದೆ. ಲಕೋಟೆ ನನ್ನ ಹತ್ತಿರವೇ ಇದೆ. 37 ಸೆಂಟಿನ ಸ್ಟಾಂಪ್ ಅಂಟಿಸಿದ್ದೇನೆ. ಇನ್ನೊಂದು ಖಾಲಿ ಲಕೋಟೆ ಪಕ್ಕದಲ್ಲಿಟ್ಟುಕೊಂಡು ಈಗ ನನ್ನದನ್ನು ಬರೆಯಲು ಕೂತಿದ್ದೇನೆ. ಎರಡನ್ನೂ ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಬೇಕು.