ಕಣ್ಣಾರೆ ಕಂಡವರಿಲ್ಲದೆ ಎರಡೇ ದಿನದಲ್ಲಿ ಮುಗಿದ ಪ್ರಾಸಿಕ್ಯೂಷನ್

ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವವರಿಗೆ ಸಾಕ್ಷಿದಾರರದ್ದೇ ತಲೆನೋವು. ಒಬ್ಬ ಮರೆಯುತ್ತಾನೆ, ಇನ್ನೊಬ್ಬ ಪಾಟೀಸವಾಲಿನಲ್ಲಿ ತಡವರಿಸುತ್ತಾನೆ, ಮತ್ತೊಬ್ಬ ತಿರುಗಿಬೀಳುತ್ತಾನೆ. ಎರಡನೇ ಮಹಾಯುದ್ಧದ ನಂತರ ನಾಜಿಗಳ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಮೆರಿಕದ ಪ್ರಾಸಿಕ್ಯೂಟರ್ ಬೆಂಜಮಿನ್ ಫೆರೆಂಜ್ ಕಣ್ಣಾರೆ ಕಂಡವರೊಬ್ಬರನ್ನೂ ಕರೆಯದೆ, 1947ರ ಸೆಪ್ಟೆಂಬರ್ 29 ಮತ್ತು 30ರಂದು ತಮ್ಮ ಕಡೆಯ ಸಾಕ್ಷ್ಯ ಮುಗಿಸಿದರು. ಆಗ ಅವರ ವಯಸ್ಸು 27.

ಅವರದು ಈಗಿನ ರುಮೇನಿಯದಲ್ಲಿರುವ ಟ್ರಾನ್ಸಿಲ್ವೇನಿಯದ ಯಹೂದಿ ಮನೆತನ. ಎಳೆಗೂಸಾಗಿದ್ದಾಗಲೇ ನ್ಯೂಯಾರ್ಕಿಗೆ ವಲಸೆ. ಹಾರ್ವರ್ಡಿನಲ್ಲಿ ಕಾನೂನು ಓದು, ಆಮೇಲೆ ಸೇನೆ. ನಾಜಿ ಸೆರೆಶಿಬಿರಗಳ ತನಿಖೆಗೆ ಹೋದಾಗ ಅವರು ಮೊದಲು ಹುಡುಕುತ್ತಿದ್ದುದು ಶಿಬಿರದ ಕಚೇರಿಯನ್ನು. ಸತ್ತವರ ರಿಜಿಸ್ಟರು ಸುಟ್ಟುಹೋಗುವ ಮೊದಲು ಕೈಗೆ ಸಿಗಬೇಕಲ್ಲ.

ಬರ್ಲಿನ್ನಿನಲ್ಲಿ ಸಿಕ್ಕಿದ್ದು ಸೋವಿಯತ್ ನೆಲದಲ್ಲಿ ಹತ್ಯೆ ನಡೆಸಿದ ಐನ್‌ಸಾಟ್ಜ್‌ಗ್ರುಪ್ಪೆನ್ ಎಂಬ ನಾಜಿ ಪಡೆಗಳ ವರದಿಗಳು. ಊರು, ದಿನಾಂಕ, ತುಕಡಿ, ಕೊಂದವರ ಸಂಖ್ಯೆ ಎಲ್ಲವೂ ಅವರದೇ ಕಚೇರಿಯ ಟೈಪಿನಲ್ಲಿ. ಕೂಡುವ ಯಂತ್ರದಲ್ಲಿ ಲೆಕ್ಕ ಹಾಕುತ್ತ ಹೋದ ಫೆರೆಂಜ್ ಹತ್ತು ಲಕ್ಷ ದಾಟಿದಾಗ ನಿಲ್ಲಿಸಿದರು. ಮೇಲಧಿಕಾರಿ ಟೆಲ್‌ಫೋರ್ಡ್ ಟೇಲರ್ ಬಳಿ ಹೆಚ್ಚುವರಿ ಸಿಬ್ಬಂದಿ ಇರಲಿಲ್ಲ. ಇರುವ ಕೆಲಸದ ಜೊತೆಗೇ ಈ ಕೇಸನ್ನೂ ಫೆರೆಂಜ್ ನೋಡಿಕೊಳ್ಳಬೇಕಾಯಿತು. ಸರ್ಕಾರಿ ಕಚೇರಿ ಎಲ್ಲಿದ್ದರೂ ಒಂದೇ!

ಸಾವಿರಾರು ಜನರಿದ್ದ ಪಡೆಗಳಿಂದ ಆರೋಪಿಗಳಾದವರು 24 ಮಂದಿ ಮಾತ್ರ, ಏಕೆಂದರೆ ಕಟಕಟೆಯಲ್ಲಿದ್ದ ಕುರ್ಚಿಗಳೇ ಅಷ್ಟು. ಸೆರೆಯಲ್ಲಿದ್ದವರ ಪೈಕಿ ಹುದ್ದೆ, ಓದು ಹೆಚ್ಚಿದ್ದವರನ್ನು ಆರಿಸಿದರು. ಒಬ್ಬ ಆತ್ಮಹತ್ಯೆ ಮಾಡಿಕೊಂಡ, ಇನ್ನೊಬ್ಬನನ್ನು ಕಾಯಿಲೆಯ ಕಾರಣಕ್ಕೆ ಕೈಬಿಟ್ಟರು. ತೀರ್ಪು ಬಂದದ್ದು 22 ಜನರ ಮೇಲೆ.

ಕಾಗದ ಸಿಕ್ಕಿದ ಮಾತ್ರಕ್ಕೆ ಕೇಸು ನಿಲ್ಲುವುದಿಲ್ಲ. ವರದಿಯಿಂದ ತುಕಡಿಗೆ, ತುಕಡಿಯಿಂದ ಆ ದಿನ ಅದರ ಮುಖ್ಯಸ್ಥನಾಗಿದ್ದವನಿಗೆ ಕೊಂಡಿ ಬೀಳಬೇಕು. 101ನೇ ವರದಿಯ ಪ್ರಕಾರ 1941ರ ಸೆಪ್ಟೆಂಬರ್ 29, 30ರಂದು ಕೀವ್‌ನಲ್ಲಿ ಕೊಂದ ಯಹೂದಿಯರು 33,771. ತುಕಡಿ 4ಎ, ಮುಖ್ಯಸ್ಥ ಪೌಲ್ ಬ್ಲೋಬೆಲ್. ಕೊಂಡಿ ಸಡಿಲವಾಗುವುದು ದಿನಾಂಕದಲ್ಲಿ: ‘ಆಗ ನಾನು ಅಲ್ಲಿರಲೇ ಇಲ್ಲ’ ಎನ್ನಲು ಒಂದು ವಾರದ ಸಂದು ಸಾಕು. ಅದಕ್ಕೇ ವರದಿಯ ಪಕ್ಕದಲ್ಲಿ ಅಧಿಕಾರಿಯ ಸೇವಾ ಕಡತ, ಆತನೇ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ (ಅಫಿಡವಿಟ್) ಇರಬೇಕು. ಸಂಖ್ಯೆ ಉಬ್ಬಿಸಿದ್ದಾರೆ, ಸತ್ತವರು ಅರ್ಧಕ್ಕಿಂತ ಹೆಚ್ಚಿಲ್ಲ ಎಂದು ಬ್ಲೋಬೆಲ್ ವಾದಿಸಿದ. ಲೆಕ್ಕಕ್ಕೆ ತಕರಾರು ತೆಗೆದವನು ಕೃತ್ಯವನ್ನು ಒಪ್ಪಿಕೊಂಡಂತಾಯಿತು.

14 ಜನರಿಗೆ ಗಲ್ಲುಶಿಕ್ಷೆಯಾಯಿತು. ಫೆರೆಂಜ್ ಅದನ್ನು ಕೇಳಿರಲಿಲ್ಲ. 1951ರಲ್ಲಿ ಗಲ್ಲಿಗೇರಿದವರು ಬ್ಲೋಬೆಲ್ ಸೇರಿ ನಾಲ್ವರೇ. ಉಳಿದವರಲ್ಲಿ ಬಹುತೇಕರು 1958ರ ಹೊತ್ತಿಗೆ ಹೊರಬಂದರು.

ತೀರ್ಪಿನ ನಂತರ ಫೆರೆಂಜ್ ಕೈಗೆ ಬಂದದ್ದು ನಾಜಿ ಆಡಳಿತದಲ್ಲಿ ಯಹೂದಿಯರಿಂದ ಕಸಿದ ಆಸ್ತಿಗಳನ್ನು ವಾಪಸು ಪಡೆಯುವ ಕೆಲಸ. ಯುದ್ಧದ ನಂತರ ಅಮೆರಿಕದ ಆಡಳಿತಕ್ಕೆ ಸೇರಿದ್ದ ಜರ್ಮನಿಯ ವಲಯದಲ್ಲಿ ಅರ್ಜಿಗೆ ಕಡೇ ದಿನ 1948ರ ಡಿಸೆಂಬರ್ 31. ಎಷ್ಟೋ ಕಡೆ ಮಾಲೀಕರೂ ಇಲ್ಲ, ವಾರಸುದಾರರೂ ಇಲ್ಲ. ಫೆರೆಂಜ್ ತಂಡದವರು ಭೂದಾಖಲೆ ಕಚೇರಿಗಳಲ್ಲಿ ಕುಳಿತು, ನಾವು ಮ್ಯುಟೇಶನ್ ನೋಡುವ ಹಾಗೆ, ನಾಜಿಗಳು ಅಧಿಕಾರಕ್ಕೆ ಬಂದ 1933ರ ನಂತರ ಯಹೂದಿ ಹೆಸರಿನಿಂದ ಕೈಬದಲಾದ ನಮೂದುಗಳನ್ನು ಒಂದೊಂದಾಗಿ ಬರೆದುಕೊಂಡರು.